ಹೊಟ್ಟೆನೋವೆಲ್ಲ ಗ್ಯಾಸ್ ಅಲ್ಲ

ಕೇಳುಗರಿಗೆ ನಮಸ್ಕಾರ.

ಮಂಡ್ಯದ ಕಡೆಯ ಒಬ್ಬ ಅಕ್ಕ ನನ್ನ ಹತ್ತಿರ ಬಂದಿದ್ದರು. ಅವರು ಮೊದಲು ಹೇಳಿದ್ದು ನೋವಿನ ಮಾತಲ್ಲ. "ಮೈಯೇನೂ ದಪ್ಪ ಆಗಿಲ್ಲ, ಲಂಗದ ಲಾಡಿ ಮಾತ್ರ ಬಿಗಿ ಆಗ್ತಿದೆ ಮೇಡಂ" ಅಂದರು. ಒಂದು ಮುದ್ದೆ ಸಲೀಸಾಗಿ ಉಣ್ಣುತ್ತಿದ್ದವರಿಗೆ ಅರ್ಧಕ್ಕೇ ಸಾಕಾಗುತ್ತಿತ್ತು. ನಾಟಿ ಹಾಕುವಾಗ ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕು. ಜೊತೆಯವರು ಏನಂದುಕೊಳ್ಳುತ್ತಾರೋ ಅಂತ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಮನೆಯವರೆಲ್ಲ ಗ್ಯಾಸ್ ಅಂದರು. 5 ತಿಂಗಳು ಓಂಕಾಳಿನ ಕಷಾಯ ಕುಡಿದದ್ದಾಯಿತು. ಸ್ಕ್ಯಾನ್ ಮಾಡಿದರೆ ಎಡಗಡೆ ಅಂಡಾಶಯದಲ್ಲಿ ತೆಂಗಿನಕಾಯಿ ಗಾತ್ರದ ಸಿಸ್ಟ್. ನಾವು ನೀರುಗುಳ್ಳೆ ಅಂತೀವಲ್ಲ, ಅದು. ಮೂತ್ರಕೋಶವನ್ನು ಒತ್ತಿಕೊಂಡು ಕೂತಿತ್ತು.

ಅಂಡಾಶಯ ಅಂದರೆ ಬಾದಾಮಿ ಆಕಾರದ, ಸುಮಾರು 3 ಸೆಂಟಿಮೀಟರ್ ಉದ್ದದ ಅಂಗ. ತಿಂಗಳು ತಿಂಗಳು ಮೊಟ್ಟೆ ಬೆಳೆಯುವುದೇ ಅದರೊಳಗಿನ ಪುಟ್ಟ ನೀರಿನ ಚೀಲದಲ್ಲಿ. ಆ ಚೀಲ ಒಡೆಯದೆ ಹಾಗೇ ಉಳಿದರೆ ಸಿಸ್ಟ್ ಆಗುತ್ತದೆ. ಇಂಥವು ಸಾಮಾನ್ಯವಾಗಿ ಎರಡು ಮೂರು ಮುಟ್ಟು ಕಳೆಯುವುದರೊಳಗೆ ತಾವಾಗಿಯೇ ಕರಗುತ್ತವೆ. ಎಷ್ಟೋ ಜನಕ್ಕೆ ಇದ್ದದ್ದೂ ಗೊತ್ತಾಗುವುದಿಲ್ಲ. ಹಾಗಾಗಿ ರಿಪೋರ್ಟಿನಲ್ಲಿ ಆ ಪದ ಕಂಡ ಕೂಡಲೇ ಕ್ಯಾನ್ಸರ್ ಅಂತ ಅಳಬೇಡಿ.

ಆದರೆ ಕಿಬ್ಬೊಟ್ಟೆಯ ಒಂದೇ ಪಕ್ಕದಲ್ಲಿ ಮಂದವಾದ ನೋವು, ಭಾರ, ಉಬ್ಬರ ವಾರಗಟ್ಟಲೆ ಇದ್ದರೆ ತೋರಿಸಿಕೊಳ್ಳಿ. ಮುಟ್ಟು ಏರುಪೇರಾದರೂ ಅಷ್ಟೇ. ಗಂಡ ಹೆಂಡತಿ ಸೇರುವಾಗ ನೋವಾಗುತ್ತದೆ ಅನ್ನುವುದನ್ನು ನಮ್ಮ ಹೆಣ್ಣುಮಕ್ಕಳು ಬಾಗಿಲ ತನಕ ಹೋಗಿ, ತಿರುಗಿ ಬಂದು, ಪಿಸುಮಾತಲ್ಲಿ ಹೇಳುತ್ತಾರೆ. ದಯವಿಟ್ಟು ಕೂತೇ ಹೇಳಿ. ನಮಗೆ ಅದು ಬಹಳ ಮುಖ್ಯವಾದ ಸುಳಿವು.

ಇನ್ನೊಂದು ನೋವಿದೆ, ಅದಕ್ಕೆ ಕಾಯುವ ಹಾಗಿಲ್ಲ. ಗುಳ್ಳೆಯ ಭಾರಕ್ಕೆ ಅಂಡಾಶಯ ತೊಟ್ಟಿನ ಹತ್ತಿರ ತಿರುಚಿಕೊಳ್ಳಬಹುದು. ಒದ್ದೆ ಬಟ್ಟೆ ಹಿಂಡುತ್ತೀವಲ್ಲ, ಹಾಗೆ. ರಕ್ತ ಓಡಾಟ ನಿಲ್ಲುತ್ತದೆ. ಇದ್ದಕ್ಕಿದ್ದಂತೆ ಒಂದು ಪಕ್ಕದಲ್ಲಿ ತಡೆಯಲಾರದ ನೋವು, ಜೊತೆಗೆ ವಾಂತಿ. ಕೆಲವು ಸಲ ಗುಳ್ಳೆ ಒಡೆದು ಒಳಗೇ ರಕ್ತ ಸೋರುತ್ತದೆ. ಆಗ ತಲೆಸುತ್ತು ಬರುತ್ತದೆ, ಮೈ ತಣ್ಣಗಾಗುತ್ತದೆ. ಮಾತ್ರೆ ನುಂಗಿ ಬೆಳಗಾಗಲಿ ಅನ್ನಬೇಡಿ. 108ಕ್ಕೆ ಫೋನ್ ಮಾಡಿ. ಮೈಸೂರಿನವರು ಚೆಲುವಾಂಬ ಆಸ್ಪತ್ರೆಗೆ, ಮಂಡ್ಯದವರು ಮಿಮ್ಸ್‌ಗೆ, ಯಾವುದು ಹತ್ತಿರವೋ ಅಲ್ಲಿಗೆ ಆ ರಾತ್ರಿಯೇ ಹೊರಡಿ. ಬೇಗ ಬಂದರೆ ಅಂಡಾಶಯ ಉಳಿಸುವ ಅವಕಾಶ ಜಾಸ್ತಿ.

ಮುಟ್ಟು ನಿಂತ ಅಮ್ಮಂದಿರು "ಇನ್ನು ನನಗೇನು" ಅಂತ ಸುಮ್ನೆ ಇರಬೇಡಿ. ಆ ವಯಸ್ಸಿನ ಗುಳ್ಳೆಯನ್ನು ನಾವು ಇನ್ನೂ ಹುಷಾರಾಗಿ ನೋಡುತ್ತೇವೆ. ಉಬ್ಬರ, ಬೇಗ ಹೊಟ್ಟೆ ತುಂಬುವುದು ಹೋಗದೆ ಉಳಿದರೆ ತಡ ಮಾಡಬೇಡಿ.

ಬರುವಾಗ ಕಳೆದ ಮುಟ್ಟಿನ ತಾರೀಖು ಕ್ಯಾಲೆಂಡರಿನಲ್ಲಿ ನೋಡಿಕೊಂಡು ಬನ್ನಿ. ಹೊಟ್ಟೆ ಮೇಲಿಂದ ಮಾಡುವ ಸ್ಕ್ಯಾನಿಗೆ ಮೂತ್ರಕೋಶ ತುಂಬಿರಬೇಕು, ಅದಕ್ಕೇ ನೀರು ಕುಡಿಸಿ ಕೂರಿಸುತ್ತಾರೆ. ಆ ಅಕ್ಕನಿಗೆ ಆಪರೇಷನ್ ಆಯಿತು, ಗುಳ್ಳೆ ಕ್ಯಾನ್ಸರಿನದ್ದಾಗಿರಲಿಲ್ಲ. ಹೋದ ಸಲ ಬಂದಾಗ ಅವರ ಕೈಚೀಲದಲ್ಲಿ ನೀರಿನ ಬಾಟಲಿ ಇತ್ತು.