ಮನೆಯ ಕಂಪ್ಯೂಟರಿನಲ್ಲೇ ಒಂದು ಸರ್ವರ್

ಕೇಳುಗರಿಗೆ ನಮಸ್ಕಾರ.

ಮೊನ್ನೆ ನಮ್ಮ ಅಕ್ಕನ ಮಗಳು ಗಾದೆಗಳ ಒಂದು ಪುಟ್ಟ ಆಪ್ ಮಾಡಿದಳು. ಗಾದೆಗಳೆಲ್ಲ ಬೇರೊಂದು ಜೇಸನ್ ಫೈಲಿನಲ್ಲಿವೆ, ಅಂದರೆ ಮಾಹಿತಿಯನ್ನು ಸಾಲಾಗಿ ಬರೆದಿಡುವ ಒಂದು ಪಠ್ಯ ಫೈಲು. ಬಟನ್ ಒತ್ತಿದರೆ ಒಂದೊಂದಾಗಿ ಪರದೆಗೆ ಬರಬೇಕು. ಎಚ್‌ಟಿಎಂಎಲ್ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದಳು. ಪುಟ ಬಂತು, ಬಟನ್ ಬಂತು, ಗಾದೆ ಬರಲಿಲ್ಲ.

"ಮಾವ, ಕೋಡ್ ಸರಿಯಾಗೇ ಇದೆ. ಯಾಕೆ ಬರ್ತಿಲ್ಲ?" ಅಂದಳು.

ಬ್ರೌಸರಿನ ತಲೆಮೇಲಿನ ವಿಳಾಸ ನೋಡಿದೆ. ಜಾಲತಾಣಗಳಿಗೆ ಇರುವಂತೆ ಎಚ್‌ಟಿಟಿಪಿ ಎಂದಿರಬೇಕಾದಲ್ಲಿ ಫೈಲ್ ಎಂದಿತ್ತು. ಹೀಗೆ ನೇರವಾಗಿ ತೆರೆದ ಪುಟವನ್ನು ಬ್ರೌಸರ್ ಅಷ್ಟಾಗಿ ನಂಬುವುದಿಲ್ಲ. ಪಕ್ಕದ ಫೈಲನ್ನೂ ಓದಲು ಬಿಡುವುದಿಲ್ಲ. ಬಿಟ್ಟರೆ ಏನಾದೀತು ಹೇಳಿ? ಎಲ್ಲಿಂದಲೋ ಇಳಿಸಿಕೊಂಡ ಒಂದು ಪುಟ ನಿಮ್ಮ ಬ್ಯಾಂಕ್ ಕಾಗದಪತ್ರಗಳನ್ನೆಲ್ಲ ಓದಿಬಿಡಬಹುದು, ಅಲ್ವಾ?

ಹಾಗಾಗಿ ಒಂದು ಸರ್ವರ್ ಬೇಕು, ಅಂದರೆ ಬ್ರೌಸರ್ ಕೇಳಿದ ಫೈಲನ್ನು ಎಚ್‌ಟಿಟಿಪಿ ಮೂಲಕ ಕೊಡುವ ಪ್ರೋಗ್ರಾಂ. ದುಡ್ಡು ಕೊಡಬೇಕಿಲ್ಲ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಂಪ್ಯೂಟರಿನಲ್ಲಿ ಇದ್ದರೆ ಸಾಕು. ಟರ್ಮಿನಲ್, ಅಂದರೆ ಆದೇಶಗಳನ್ನು ಟೈಪ್ ಮಾಡುವ ಕಿಟಕಿ, ತೆರೆದು ಆಪ್ ಇರುವ ಫೋಲ್ಡರಿಗೆ ಹೋಗಿ. ಈಗ ಬರೆದುಕೊಳ್ಳಿ: ಪೈಥಾನ್3, ಜಾಗ ಬಿಟ್ಟು ಹೈಫನ್ ಎಂ, ಮತ್ತೆ ಜಾಗ ಬಿಟ್ಟು ಎಚ್‌ಟಿಟಿಪಿ ಡಾಟ್ ಸರ್ವರ್. ವಿಂಡೋಸ್‌ನವರು ಪೈಥಾನ್3 ಬದಲು ಪಿವೈ ಅಂತ ಹಾಕಿ. ಆಮೇಲೆ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್, ಕೋಲನ್, 8000.

ಲೋಕಲ್‌ಹೋಸ್ಟ್ ಅಂದರೆ 127.0.0.1, ಅಂದರೆ ಇದೇ ಯಂತ್ರ. ಕೇಳುವುದೂ ಅದೇ, ಕೊಡುವುದೂ ಅದೇ. ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ. 8000 ಪೋರ್ಟಿನ ನಂಬರು; ಪೋರ್ಟು ಅಂದರೆ ಯಂತ್ರದೊಳಗೆ ಒಂದೊಂದು ಪ್ರೋಗ್ರಾಮಿಗೂ ಇರುವ ಬಾಗಿಲಿದ್ದಂತೆ. ಸಾಮಾನ್ಯ ಎಚ್‌ಟಿಟಿಪಿಗೆ 80, ಆದರೆ ಲಿನಕ್ಸ್‌ನಲ್ಲಿ 1024ರ ಕೆಳಗಿನ ಪೋರ್ಟುಗಳಿಗೆ ಸಾಮಾನ್ಯವಾಗಿ ಅಡ್ಮಿನ್ ಅನುಮತಿ ಬೇಕು.

ನನಗೆ ತುಂಬಾ ಇಷ್ಟ ಆಗುವುದು ಟರ್ಮಿನಲ್ಲಿನಲ್ಲಿ ಬೀಳುವ ಸಾಲುಗಳು. ಬ್ರೌಸರ್ ಏನೇನು ಕೇಳಿತು, ಸಿಕ್ಕಿತೋ ಇಲ್ಲವೋ, ಎಲ್ಲಾ ಅಲ್ಲಿರುತ್ತದೆ. ಸಿಕ್ಕಿದ್ದಕ್ಕೆ 200, ಸಿಗದಿದ್ದಕ್ಕೆ 404. ನಮ್ಮ ಹುಡುಗಿಗೆ ಗಾದೆ ಫೈಲಿನ ಮುಂದೆ 404 ಕಂಡಿತು. ಫೈಲಿನ ಹೆಸರಲ್ಲಿ ದೊಡ್ಡ ಜಿ, ಕೋಡಿನಲ್ಲಿ ಚಿಕ್ಕ ಜಿ. ಅವಳದು ಲಿನಕ್ಸ್, ಅದಕ್ಕೆ ಅವೆರಡೂ ಬೇರೆ ಬೇರೆ. ತಿದ್ದಿದಳು, ಗಾದೆ ಬಂತು.

ಅದೇ ವೈಫೈನಲ್ಲಿರುವ ಮೊಬೈಲಿನಲ್ಲೂ ನೋಡಬಹುದು. ಲೋಕಲ್‌ಹೋಸ್ಟ್ ಬದಲು ಕಂಪ್ಯೂಟರಿನ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದರ ನಂಬರು, ಹಾಕಬೇಕು. ಮನೆಗಳಲ್ಲಿ ಅದು ಹೆಚ್ಚಾಗಿ 192.168 ಎಂದು ಶುರುವಾಗುತ್ತದೆ. ಆದರೆ ಕಂಪ್ಯೂಟರಿನ ಕಾವಲುಗಾರ ಫೈರ್‌ವಾಲ್ ತಡೆಯದಿದ್ದರೆ ಅದೇ ವೈಫೈನಲ್ಲಿರುವ ಪಕ್ಕದವರಿಗೂ ಕಾಣುತ್ತದೆ! ನಾನೊಮ್ಮೆ ಬೇರೆಯವರ ವೈಫೈನಲ್ಲಿ ಕೂತು, ಹೋಮ್ ಫೋಲ್ಡರಿನಿಂದಲೇ ಸರ್ವರ್ ಶುರು ಮಾಡಿದ್ದೆ. ಇಂಡೆಕ್ಸ್ ಎಂಬ ಮೊದಲ ಪುಟದ ಫೈಲ್ ಇಲ್ಲದ ಕಡೆ ಅದು ಇರುವ ಫೈಲುಗಳ ಪಟ್ಟಿಯನ್ನೇ ತೋರಿಸುತ್ತದೆ. ಸ್ವಲ್ಪ ಹೊತ್ತಿಗೆ ಪಕ್ಕದ ಟೇಬಲಿನ ಹುಡುಗ, "ಸಾರ್, ನಿಮ್ಮ ಪಾನ್ ಕಾರ್ಡ್ ಫೋಟೋ ಹಳೇದು" ಅಂದ!

ಅಂದಿನಿಂದ ಮೊಬೈಲ್ ಬೇಡದಾಗ, ಆ ಸಾಲಿನ ಕೊನೆಗೆ ಜಾಗ ಬಿಟ್ಟು ಎರಡು ಹೈಫನ್, ಬೈಂಡ್, ಮತ್ತೆ ಜಾಗ ಬಿಟ್ಟು 127.0.0.1 ಸೇರಿಸುತ್ತೇನೆ. ಆಗ ಹೊರಗಿನವರಿಗೆ ಬಾಗಿಲಿಲ್ಲ. ಇಷ್ಟಾದರೂ ಇದು ಪರೀಕ್ಷೆಗೆ ಮಾತ್ರ. ಜನ ಬಳಸುವ ತಾಣಕ್ಕೆ ಇದು ಬೇಡ ಎಂದು ಪೈಥಾನ್‌ನವರೇ ಬರೆದಿದ್ದಾರೆ.

ನಿಲ್ಲಿಸಲು ಕಂಟ್ರೋಲ್ ಸಿ. ನಮ್ಮ ಹುಡುಗಿ ಅದನ್ನು ಮರೆತಿದ್ದಳು. ಮರುದಿನ ಇನ್ನೊಂದು ಟರ್ಮಿನಲ್ಲಿನಲ್ಲಿ ಶುರು ಮಾಡಲು ಹೋದರೆ, ವಿಳಾಸ ಆಗಲೇ ಬಳಕೆಯಲ್ಲಿದೆ ಎಂಬ ದೂರು. "ಮಾವ, ನನ್ನ ಪೋರ್ಟು ಯಾರೋ ಹಿಡ್ಕೊಂಡಿದ್ದಾರೆ" ಅಂತ ಫೋನು. ಹಿಡಿದುಕೊಂಡಿದ್ದವಳು ಅವಳೇ.

ನಮಸ್ಕಾರ.