ಮೊದಲು ಚಿಪ್ ಯಾವುದು ಹೇಳಿ, ಆಮೇಲೆ ಲಿನಕ್ಸ್‌ಗೆ ಬೈಯಿರಿ

ನಮಸ್ಕಾರ ಸ್ನೇಹಿತರೇ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಆದ್ರೆ ಹಿಂದಿನ ವಿಡಿಯೋ ಕೆಳಗೆ ಬಂದ ಒಂದು ಕಾಮೆಂಟ್ ನೋಡಿ ಸಿಟ್ಟು ಬಂದಿದೆ. ಒಬ್ಬ ಹುಡುಗ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡು, ವಿಂಡೋಸ್ ಬದಲು ಉಬುಂಟು ಅನ್ನೋ ಲಿನಕ್ಸ್ ಓಎಸ್ ಹಾಕಿದ್ದಾನೆ. ವೈಫೈ ಕಾಣುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದಾನೆ. ಅದಕ್ಕೆ ಇನ್ನೊಬ್ಬರ ಉತ್ತರ: "ಗುರೂ, ಲಿನಕ್ಸಲ್ಲಿ ವೈಫೈ ಹಾಗೇನೇ. ಮಿಂಟ್ ಹಾಕು. ಅದೂ ಆಗ್ಲಿಲ್ಲ ಅಂದ್ರೆ ವಿಂಡೋಸ್‌ಗೆ ವಾಪಸ್ ಹೋಗು." ಈ ಉತ್ತರಕ್ಕೆ ಲೈಕ್ ಬೇರೆ!

ಸ್ವಾಮಿ, ಲ್ಯಾಪ್‌ಟಾಪ್ ಒಳಗಿನ ವೈಫೈ ಚಿಪ್ ಯಾವುದು ಅಂತ ಕೇಳಿದ್ರಾ? ಇಲ್ಲ.

ಮಿಂಟ್ ಅನ್ನೋ ಇನ್ನೊಂದು ಲಿನಕ್ಸ್ ನಿಂತಿರೋದೇ ಉಬುಂಟು ಮೇಲೆ. ಕೆಳಗಿನ ಮನೆಗೆ ನೀರು ಬರಲಿಲ್ಲ ಅಂತ ಅದೇ ಬಿಲ್ಡಿಂಗಲ್ಲಿ ಮೇಲಿನ ಮನೆಗೆ ಶಿಫ್ಟ್ ಆದ ಹಾಗಾಯ್ತು ಇದು. ಸಂಪ್ ಒಂದೇ ಅಲ್ವಾ?

ಸರಿ, ಆ ಹುಡುಗನಿಗೆ ನಾನು ಹೇಳುತ್ತೇನೆ. ಕಂಟ್ರೋಲ್, ಆಲ್ಟ್, ಟಿ ಒತ್ತು. ಕಮಾಂಡ್ ಬರೆಯೋ ಕಿಟಕಿ, ಅಂದ್ರೆ ಟರ್ಮಿನಲ್, ಬರುತ್ತೆ. ಎಲ್‌ಎಸ್‌ಪಿಸಿಐ ಅಂತ ಬರೆದು, ಒಂದು ಸ್ಪೇಸ್ ಕೊಟ್ಟು, ಹೈಫನ್ ಎನ್‌ಎನ್‌ಕೆ ಅಂತ ಹಾಕು. ಎಲ್ಲಾ ಸಣ್ಣ ಅಕ್ಷರ. ಉದ್ದ ಪಟ್ಟಿ ಬರುತ್ತೆ, ಹೆದರಬೇಡ. ಅದರಲ್ಲಿ 'ನೆಟ್‌ವರ್ಕ್ ಕಂಟ್ರೋಲರ್' ಅನ್ನೋ ಸಾಲು ಹುಡುಕು. ಸಾಲಿನ ಕೊನೆಯ ಹತ್ತಿರ ಚೌಕ ಬ್ರಾಕೆಟ್ ಒಳಗೆ ಒಂದು ಐಡಿ ಇರುತ್ತೆ. ಅದು 8086 ಅಂತ ಶುರುವಾದ್ರೆ ಇಂಟೆಲ್. 10ಇಸಿ ಅಂದ್ರೆ ರಿಯಲ್‌ಟೆಕ್. 14ಇ4 ಅಂದ್ರೆ ಬ್ರಾಡ್‌ಕಾಮ್. ಆಮೇಲೆ ಅದರ ಕೆಳಗೆ ನೋಡು: 'ಕರ್ನಲ್ ಡ್ರೈವರ್ ಇನ್ ಯೂಸ್' ಅಂತ ಇದೆಯಾ? ಆ ಸಾಲೇ ಇಲ್ಲ ಅಂದ್ರೆ ಕಾರ್ಡ್ ಇದೆ, ಆದ್ರೆ ಅದನ್ನು ಓಡಿಸೋ ಸಾಫ್ಟ್‌ವೇರ್, ಅಂದ್ರೆ ಡ್ರೈವರ್, ಯಾವುದೂ ಹಿಡಿದುಕೊಂಡಿಲ್ಲ. ಅರ್ಧ ಕೆಲಸ ಮುಗಿಯಿತು!

ಇಂಟೆಲ್ ಆದ್ರೆ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇರುತ್ತೆ, ಚಿಪ್ ಒಳಗೆ ಓಡೋ ಫರ್ಮ್‌ವೇರ್ ಫೈಲ್ ಮಾತ್ರ ಬೇರೆ ಪ್ಯಾಕೇಜ್‌ನಿಂದ ಬರುತ್ತೆ. ಹಳೇ ಬ್ರಾಡ್‌ಕಾಮ್ ಕಥೆಯೇ ಬೇರೆ. ಎಷ್ಟೋ ಚಿಪ್‌ಗಳಿಗೆ ಕಂಪನಿಯ ಮುಚ್ಚಿದ, ಅಂದ್ರೆ ಸೋರ್ಸ್ ಕೋಡ್ ಕೊಡದ, ಡ್ರೈವರ್ ಬೇಕು. ಅದನ್ನು ಇಳಿಸೋಕೆ ಇಂಟರ್ನೆಟ್ ಬೇಕು. ಇಂಟರ್ನೆಟ್‌ಗೆ ವೈಫೈ ಬೇಕು! ಇಲ್ಲೇ ಜನ ಕೈ ಬಿಡೋದು. ಬಿಡಬೇಡಿ. ಚಾರ್ಜರ್ ಕೇಬಲ್‌ನಲ್ಲಿ ಆಂಡ್ರಾಯ್ಡ್ ಫೋನನ್ನು ಲ್ಯಾಪ್‌ಟಾಪ್‌ಗೆ ಚುಚ್ಚಿ, ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್‌ಗೆ ಅದು ವೈರ್ ಕನೆಕ್ಷನ್ ಥರಾನೇ ಕಾಣುತ್ತೆ. ಆಮೇಲೆ ಉಬುಂಟುವಿನ 'ಅಡಿಷನಲ್ ಡ್ರೈವರ್ಸ್' ತೆರೆದು ಡ್ರೈವರ್ ಹಾಕಿಕೊಳ್ಳಿ. ಸಹಿ ಇಲ್ಲದ ಡ್ರೈವರ್ ತಡೆಯೋ ಸೆಕ್ಯೂರ್ ಬೂಟ್ ಆನ್ ಇದ್ರೆ ಒಂದು ಪಾಸ್‌ವರ್ಡ್ ಇಡೋಕೆ ಹೇಳುತ್ತೆ, ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತೆ. ಅಲ್ಲಿ ಸುಮ್ನೆ ಎಂಟರ್ ಒತ್ತಿ ಮುಂದೆ ಹೋದ್ರೆ ಡ್ರೈವರ್ ಲೋಡ್ ಆಗಲ್ಲ. 'ಎನ್‌ರೋಲ್ ಮೋಕ್' ಆರಿಸಿ, ಆ ಪಾಸ್‌ವರ್ಡ್ ಕೊಡಿ.

ನೋಡಿ, ಇಷ್ಟೂ ಹೇಳೋಕೆ ಆಗಿದ್ದು ಯಾವಾಗ? ಚಿಪ್ ಯಾವುದು ಅಂತ ಗೊತ್ತಾದ ಮೇಲೆ!

ಈಗ ಬರ್ತಾರೆ, "ಸಾರ್, ಟರ್ಮಿನಲ್ ಎಲ್ಲಾ ಯಾರಿಗೆ ಬರುತ್ತೆ" ಅಂತ. ಒಂದು ಸಾಲು ಟೈಪ್ ಮಾಡೋದಕ್ಕೆ ಆಗಲ್ಲ, ಇಡೀ ಓಎಸ್ ಅಳಿಸಿ ಮತ್ತೆ ಹಾಕೋದಕ್ಕೆ ಆಗುತ್ತಾ? ಇನ್ನೊಬ್ಬರು, "ಯುಎಸ್‌ಬಿಗೆ ಚುಚ್ಚೋ ವೈಫೈ ಡಾಂಗಲ್ ತಗೊಳ್ಳಿ, ತಲೆನೋವೇ ಇಲ್ಲ." ಡಾಂಗಲ್ ಒಳಗೂ ಒಂದು ಚಿಪ್ ಇದೆ ರೀ! ಡಬ್ಬದ ಮೇಲೆ ಅದರ ಹೆಸರೂ ಇರಲ್ಲ ಎಷ್ಟೋ ಸಲ. ತಂದ ಮೇಲೆ ಯುಎಸ್‌ಬಿಯಲ್ಲಿ ಏನಿದೆ ಅಂತ ತೋರಿಸೋ ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಹಾಕಿ ಮತ್ತೆ ಅದೇ ಪ್ರಶ್ನೆ: ಚಿಪ್ ಯಾವುದು?

ಒಂದು ಮಾತ್ರ ಒಪ್ಪುತ್ತೇನೆ, ಎಲ್ಲಾ ಸಲ ಚಿಪ್‌ದೇ ತೊಂದರೆ ಅಲ್ಲ. ಹಳೇ ಲ್ಯಾಪ್‌ಟಾಪ್ ಕೆಲವದರಲ್ಲಿ ಪಕ್ಕದಲ್ಲಿ ವೈಫೈ ಸ್ವಿಚ್ ಇರುತ್ತೆ. ಟರ್ಮಿನಲ್‌ನಲ್ಲಿ 'ಆರ್‌ಎಫ್‌ಕಿಲ್ ಲಿಸ್ಟ್' ಹಾಕಿದಾಗ 'ಹಾರ್ಡ್ ಬ್ಲಾಕ್ಡ್ ಯೆಸ್' ಅಂತ ಬಂದ್ರೆ ಮೊದಲು ಆ ಸ್ವಿಚ್ ನೋಡಿ.

"ಲಿನಕ್ಸ್‌ನವರು ಏನೂ ಮಾಡಲ್ಲ" ಅನ್ನೋರಿಗೂ ಹೇಳ್ತೀನಿ. ಮುಚ್ಚಿದ ಫರ್ಮ್‌ವೇರ್ ಬೇಡ ಅಂತ ವರ್ಷಗಟ್ಟಲೆ ಹಟ ಹಿಡಿದಿದ್ದ, ಡೆಬಿಯನ್ ಅನ್ನೋ ಲಿನಕ್ಸ್ ಮಾಡೋರೇ 2022ರಲ್ಲಿ ವೋಟ್ ಹಾಕಿ, ಅದನ್ನು ಇನ್‌ಸ್ಟಾಲರ್ ಜೊತೆಗೇ ಕೊಡೋಣ ಅಂತ ತೀರ್ಮಾನಿಸಿದ್ರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಲ್ಲಿ ಅದು ಇದೆ. ಯಾರಿಗೋಸ್ಕರ? ನಮ್ಮಂಥವರ ವೈಫೈಗೋಸ್ಕರ!

ಇನ್ನು ನನಗೆ ವಾದ ಬೇಡ. ಕನ್ನಡದಲ್ಲಿ ಲಿನಕ್ಸ್ ಕಲಿಸೋ ಚಾನೆಲ್ ಇದು, ಸಬ್‌ಸ್ಕ್ರೈಬ್ ಮಾಡಿ, ಪಿಜಿಯಲ್ಲಿ ಪಕ್ಕದ ರೂಮಿನವರಿಗೂ ಕಳಿಸಿ. ವೈಫೈ ಬರ್ತಿಲ್ಲ ಅನ್ನೋರು ಕಾಮೆಂಟಲ್ಲಿ ಆ ನೆಟ್‌ವರ್ಕ್ ಕಂಟ್ರೋಲರ್ ಸಾಲು, ಅದರ ಕೆಳಗಿನ ಡ್ರೈವರ್ ಸಾಲು, ಎರಡನ್ನೂ ಹಾಕಿ. ಲ್ಯಾಪ್‌ಟಾಪ್ ಕಂಪನಿ ಬೇಡ, ಮಾಡೆಲ್ ಬೇಡ, ಬಣ್ಣ ಬೇಡ. ಚಿಪ್ ಹೇಳಿ. ಒಬ್ಬೊಬ್ಬರಿಗೂ ನಾನೇ ಕೂತು ಉತ್ತರ ಬರೀತೀನಿ.