ಮೊದಲು ರಿಪೇರಿ, ಆಮೇಲೆ ಅಪ್‌ಡೇಟ್

ಕೇಳುಗರೇ, ನಮಸ್ಕಾರ.

ಹೋದ ವಾರ ನಮ್ಮ ಗ್ಯಾರೇಜಿಗೆ ಒಬ್ಬರು ಮೇಷ್ಟ್ರು ಬಂದಿದ್ದರು. ಡೀಸೆಲ್ ಕಾರು, ಒಂದು ಲಕ್ಷ ಕಿಲೋಮೀಟರ್ ದಾಟಿದೆ. ಏರಿನಲ್ಲಿ ಪಿಕಪ್ ಇಲ್ಲ, ಇಂಜಿನ್ ಲೈಟ್ ಬಂದು ಬಂದು ಹೋಗುತ್ತದೆ. ಕೈಯಲ್ಲಿ ಕಂಪನಿಯ ಪತ್ರ ಬೇರೆ: ಹೊಗೆ ಕಡಿಮೆ ಮಾಡುವ ಸಾಫ್ಟ್‌ವೇರ್ ಅಪ್‌ಡೇಟ್ ಉಚಿತ, ಬನ್ನಿ ಅಂತ. "ಏನಪ್ಪಾ, ಇದನ್ನ ಹಾಕಿಸಿದ್ರೆ ಕಾರು ಸರಿಹೋಗುತ್ತಾ, ಇಲ್ಲಾ ಇನ್ನೂ ಕೆಡುತ್ತಾ?" ಅಂದರು.

ಈ ಭಯ ಸುಮ್ನೆ ಹುಟ್ಟಿದ್ದಲ್ಲ. 2015ರಲ್ಲಿ ಫೋಕ್ಸ್‌ವ್ಯಾಗನ್ ಕಾರು ಕಂಪನಿ ಸಿಕ್ಕಿಬಿದ್ದದ್ದು ನೆನಪಿದೆ ಅಲ್ವಾ? ಸಾಫ್ಟ್‌ವೇರಿನಲ್ಲೇ ಮೋಸ: ಟೆಸ್ಟ್ ನಡೆಯುವಾಗ ಮಾತ್ರ ಆ ಡೀಸೆಲ್ ಕಾರುಗಳ ಹೊಗೆ ಚೊಕ್ಕ. ರಸ್ತೆಗಿಳಿದರೆ ನೈಟ್ರೋಜನ್ ಆಕ್ಸೈಡ್ ಅನ್ನುವ ವಿಷದ ಗಾಳಿ ಅಮೆರಿಕದ ಮಿತಿಗಿಂತ 40 ಪಟ್ಟಿನವರೆಗೂ ಹೋಗುತ್ತಿತ್ತು. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಅಳತೆಯ ಯಂತ್ರವನ್ನು ಕಾರಿಗೇ ಕಟ್ಟಿ, ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿ ನೋಡಿದ್ದರಿಂದ ಸುಳಿವು ಸಿಕ್ಕಿತು. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಇದ್ದರು. ಇದನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ. ಭಾರತದಲ್ಲೂ ಆ ಡಿಸೆಂಬರಿನಲ್ಲಿ 3,23,700 ಕಾರುಗಳನ್ನು ವಾಪಸ್ ಕರೆಸಿ ಸರಿಮಾಡುತ್ತೇವೆ ಅಂತ ಕಂಪನಿ ಹೇಳಿತು. ಯುರೋಪಿನಲ್ಲಿ ಇದನ್ನು ಸರಿಮಾಡುವ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿಸಿಕೊಂಡ ಹಲವರು ಆಮೇಲೆ ಇಜಿಆರ್ ವಾಲ್ವ್ ಕೆಟ್ಟಿತು ಅಂತ ದೂರಿದರು.

ಈ ಇಜಿಆರ್ ಅಂದರೆ ಒಂದು ಪುಟ್ಟ ಬಾಗಿಲು. ಇಂಜಿನ್ ಬಿಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಒಳಗೇ ಕಳಿಸುತ್ತದೆ. ಉರಿಯ ಕಾವು ಇಳಿಯುತ್ತದೆ, ವಿಷದ ಗಾಳಿಯೂ ಇಳಿಯುತ್ತದೆ. ಆದರೆ ಹೊಗೆಯ ಜೊತೆ ಮಸಿಯೂ ಬರುತ್ತದಲ್ಲ! ಹೊಸ ಸಾಫ್ಟ್‌ವೇರ್ ಬಾಗಿಲನ್ನು ಜಾಸ್ತಿ ಹೊತ್ತು ತೆರೆಸಿದರೆ, ಮೊದಲೇ ಮಸಿ ಹಿಡಿದ ವಾಲ್ವ್ ತಡೆಯುವುದಿಲ್ಲ.

ಮೇಷ್ಟ್ರ ಕಾರಿನ ವಾಲ್ವ್ ಬಿಚ್ಚಿ ಅವರ ಕೈಗೇ ಕೊಟ್ಟೆ. ಮಸಿ ಎಣ್ಣೆ ಕಲೆತು ಕರಿ ಹಲ್ವದ ಹಾಗೆ ಅಂಟಿಕೊಂಡಿತ್ತು. ಬೆರಳಿಟ್ಟರೆ ಉಗುರಿನ ಸಂದಿಯೆಲ್ಲ ಕಪ್ಪು. ಮುಚ್ಚಬೇಕಾದ ತಟ್ಟೆ ಅರ್ಧಕ್ಕೇ ನಿಂತಿತ್ತು. ದಿನಾ ಮೂರು ಕಿಲೋಮೀಟರ್ ಓಡಾಟ, ಇಂಜಿನ್ ಬಿಸಿಯಾಗುವಷ್ಟರಲ್ಲಿ ಶಾಲೆಯ ಗೇಟು. ಡೀಸೆಲ್ ಗಾಡಿಗೆ ಇದು ಆಗಿಬರುವುದಿಲ್ಲ.

ಹಾಗಾಗಿ ಮೊದಲು ಕಾರನ್ನು ಸ್ಕ್ಯಾನ್ ಮಾಡಿಸಿ, ತೊಂದರೆ ಏನೆಂದು ತೋರಿಸುವ ಕೋಡುಗಳ ಪ್ರಿಂಟ್ ತೆಗೆಸಿಕೊಳ್ಳಿ. ಮೀಟರಿನ ರೀಡಿಂಗು, ಈಗ ಕೊಡುತ್ತಿರುವ ಮೈಲೇಜು ಬರೆದಿಡಿ. ಇರುವ ತೊಂದರೆ ಸರಿಮಾಡಿಸಿ, ಒಂದಷ್ಟು ದಿನ ಓಡಿಸಿ. ಅಪ್‌ಡೇಟ್ ಅದಾದ ಮೇಲೆಯೇ. ಯಾವ ದಿನ ಹಾಕಿದರು, ಆಮೇಲೆ ತೊಂದರೆಯಾದರೆ ಖರ್ಚು ಯಾರದ್ದು, ಎರಡನ್ನೂ ಸರ್ವಿಸ್ ಸೆಂಟರಿನವರ ಹತ್ತಿರ ಬರೆಸಿಕೊಳ್ಳಿ. ಬಾಯಿಮಾತು ಬೇಡ. ಹಳೇ ರೋಗಕ್ಕೆ ಅಪ್‌ಡೇಟನ್ನು ಬೈಯುವುದೂ ತಪ್ಪುತ್ತದೆ, ಹೊಸ ರೋಗವನ್ನು ಹಳೇದು ಅಂತ ಅವರು ಸಾಗಹಾಕುವುದೂ ತಪ್ಪುತ್ತದೆ.

ಇನ್ನು, ಇಜಿಆರ್‌ಗೆ ತಗಡು ಇಟ್ಟು ಮುಚ್ಚಿಬಿಡ್ತೀವಿ ಅನ್ನುವವರಿದ್ದಾರೆ. ನನಗೆ ಕೋಪ ಬರುವುದೇ ಅಲ್ಲಿ. ಸಿಗ್ನಲ್ಲಿನಲ್ಲಿ ನಿಮ್ಮ ಕಾರಿನ ಹಿಂದೆ ಸ್ಕೂಟರ್ ನಿಂತಿರುತ್ತದೆ. ಅದರ ಮುಂದಿನ ಫುಟ್‌ಬೋರ್ಡಿನ ಮೇಲೆ ಒಂದು ಮಗು ನಿಂತಿರುತ್ತದೆ. ಆ ಗಾಳಿ ಅದರ ಮುಖಕ್ಕೆ. ದಯವಿಟ್ಟು ಮಾಡಿಸಬೇಡಿ.

ಮೇಷ್ಟ್ರು ವಾಲ್ವ್ ಕ್ಲೀನ್ ಮಾಡಿಸಿಕೊಂಡು ಹೋದರು. ಪ್ರಿಂಟನ್ನು ಕಂಪನಿಯ ಪತ್ರಕ್ಕೆ ಪಿನ್ ಹೊಡೆದು ಇಟ್ಟುಕೊಂಡಿದ್ದಾರೆ. ಭಾನುವಾರ ಘಾಟಿ ಹತ್ತಿಸಿ ನೋಡುತ್ತಾರಂತೆ. ಲೈಟ್ ಬರದಿದ್ದರೆ ಸೋಮವಾರ ಅಪ್‌ಡೇಟಿಗೆ ಬಿಡುತ್ತಾರೆ.

ನಮಸ್ಕಾರ.